ಕೆಂಪು ನೂಲಿನ ಸಸಿ

ಶಿಷ್ಯನೊಬ್ಬನು ಕೇಳಿದನು: “ಗುರುಗಳೇ, ನನ್ನಿಂದ ಒಂದು ತಪ್ಪು ನಡೆದಿದೆ. ಅದು ಯಾರಿಗೂ ತಿಳಿಯದು. ಒಳಗೊಳಗೇ ನಾಚುತ್ತಿದ್ದೇನೆ, ಮೊದಲಿಗಿಂತ ಇಮ್ಮಡಿ ಸೇವೆ ಮಾಡುತ್ತಿದ್ದೇನೆ. ಇಷ್ಟು ಸಾಲದೇ?”

ಗುರುಗಳು ಹೇಳಿದರು:

ಒಂದು ಊರಿನ ಕಾಡನ್ನು ಹೊರಗಿನಿಂದ ಬಂದ ಲಂಟಾನವೆಂಬ ಕಳೆಪೊದೆ ಮುಚ್ಚಿಬಿಟ್ಟಿತ್ತು. ಅಲ್ಲಿ ಉಳಿದಿದ್ದುದು ಒಂದೇ ಹೊನ್ನೆ ಮರ, ಅದೂ ಮುದಿಯಾಗಿತ್ತು. ಅದರ ಬೀಜ ಬಿದ್ದಲ್ಲೆಲ್ಲ ಲಂಟಾನದ ಕತ್ತಲು, ಸಸಿ ಮೇಲೇಳುತ್ತಿರಲಿಲ್ಲ. ಊರಿನವರು ಕೂಲಿ ಬಯಸದೆ ಲಂಟಾನ ಕೀಳಲು ಹೊರಟರು. ಅವರದೊಂದು ಕಟ್ಟಳೆಯಿತ್ತು. ಪೊದೆಗೆ ಕೈ ಹಾಕುವ ಮೊದಲು ಮಂಡಿಯೂರಿ ಬುಡವನ್ನು ನೋಡಬೇಕು. ಕಾಡಿನ ಸಸಿ ಕಂಡರೆ, ಯಾರೂ ಅದನ್ನು ಕೀಳದಂತೆ ಕೆಂಪು ನೂಲು ಕಟ್ಟಬೇಕು.

ಒಬ್ಬ ವರ್ತಕನೂ ಹೋದನು. ಅವನಿಗೆ ಮಂಡಿಯೂರಲು ಮನಸ್ಸಿರಲಿಲ್ಲ. ನಿಂತೇ ಒಂದು ಪೊದೆಯನ್ನು ಜಗ್ಗಿದನು. ಅದರೊಂದಿಗೆ ಹೊನ್ನೆಯ ಸಸಿಯೊಂದು ಕಿತ್ತುಬಂತು; ತಾಯಿಬೇರು ತುಂಡಾಗಿತ್ತು. ವರ್ತಕನು ಸುತ್ತ ನೋಡಿದನು. ಸಸಿಯನ್ನು ಮತ್ತೆ ನಿಲ್ಲಿಸಿ, ಮಣ್ಣು ಒತ್ತಿ, ಕೆಂಪು ನೂಲು ಕಟ್ಟಿದನು.

ಆಮೇಲೆ ಅಲ್ಲಿಗೆ ಬಂದ ಒಬ್ಬ ಮುದುಕಿ ನೂಲು ಕಟ್ಟಿದ ಸಸಿಯನ್ನು ಕಂಡಳು. “ಬನ್ನಿರೋ, ಹೊನ್ನೆಯ ಮರಿ ಸಿಕ್ಕಿತು!” ಎಂದು ಎಲ್ಲರನ್ನೂ ಕೂಗಿದಳು. “ತಕ್ಕಡಿ ಬಿಟ್ಟು ಬೇರೇನನ್ನೂ ಎತ್ತದ ಕೈ ಎಂದು ನಿಮ್ಮನ್ನು ಆಡಿಕೊಳ್ಳುತ್ತಿದ್ದೆ, ಸೆಟ್ಟರೇ. ಎಂಥ ಕೈಗುಣ ನಿಮ್ಮದು!”

ವರ್ತಕನು ತಲೆ ತಗ್ಗಿಸಿದನು. ಜನರು ಅದನ್ನು ವಿನಯವೆಂದು ತಿಳಿದರು.

ಸಸಿಯ ಎಲೆ ಉದುರಿತು. ಬೇಸಿಗೆಯಲ್ಲಿ ಹೊನ್ನೆ ಎಲೆ ಉದುರಿಸುವುದು ಸಹಜವಾದ್ದರಿಂದ ಯಾರೂ ಶಂಕಿಸಲಿಲ್ಲ. ಮುದುಕಿ ದಿನವೂ ಹೊಳೆಯಿಂದ ಕೊಡ ಹೊತ್ತು ನೀರೆರೆದಳು. ವರ್ತಕನು ಎಲ್ಲರಿಗಿಂತ ಮೊದಲು ಕಾಡಿಗೆ ಬರುತ್ತಿದ್ದನು, ಎಲ್ಲರೂ ಹೋದ ಮೇಲೆ ಮರಳುತ್ತಿದ್ದನು. ಈಗ ಪ್ರತಿ ಪೊದೆಯ ಮುಂದೆಯೂ ಮಂಡಿಯೂರುತ್ತಿದ್ದನು. ಕೊಡ ಹೊತ್ತ ಮುದುಕಿ ಎದುರಾದರೆ ಮಾತ್ರ ದಾರಿ ಬಿಟ್ಟು ನಡೆಯುತ್ತಿದ್ದನು.

ಮಳೆ ಬಂತು. ಕಾಡೆಲ್ಲ ಚಿಗುರಿತು, ಆ ಸಸಿ ಚಿಗುರಲಿಲ್ಲ. ಮುದುಕಿ ವರ್ತಕನ ಅಂಗಡಿಗೆ ಬಂದು ಮೆಟ್ಟಿಲ ಕೆಳಗೇ ನಿಂತಳು.

“ನೀವು ಉಳಿಸಿಕೊಟ್ಟದ್ದನ್ನು ನಾನು ಒಣಗಿಸಿಬಿಟ್ಟೆ, ಸೆಟ್ಟರೇ. ನನ್ನ ಕೈಯೇ ಸರಿಯಿಲ್ಲ. ಇನ್ನು ಯಾವ ಗಿಡವನ್ನೂ ಮುಟ್ಟುವುದಿಲ್ಲ.”

ನಿಜವು ವರ್ತಕನ ನಾಲಿಗೆಯವರೆಗೆ ಬಂದಿತ್ತು. ಅಂಗಡಿಯಲ್ಲಿ ಜನರಿದ್ದರು.

“ಹೋಗಲಿ ಬಿಡು, ತಾಯಿ. ನಾನೇನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ” ಎಂದನು.

ಮುದುಕಿ ಅವನಿಗೆ ಕೈಮುಗಿದು ಹೋದಳು. ಮತ್ತೆ ಅವಳು ಕಾಡಿಗೆ ಬರಲಿಲ್ಲ. ವರ್ತಕನು ಬರುತ್ತಲೇ ಇದ್ದನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು, “ಕೊನೆಗೂ ಅವನು ಅವಳಿಗೆ ಹೇಳಲಿಲ್ಲವೇ?” ಎಂದು ಕೇಳಿದನು.

“ಅದಿರಲಿ. ನಿನ್ನ ಸಸಿಗೆ ಈಗ ನೀರು ಹೊರುತ್ತಿರುವವರು ಯಾರು?”