ತೋರಿಸದ ಕ್ಯಾಮೆರಾ

“ಫೋಟೊ ಹೆಂಗ್ ಬಂತು, ತೋರಿಸ್ರೀ” ಅಂದದ್ದೇ ದೇವೀರಮ್ಮನ ಕೊನೆಯ ಮಾತು. ಅದು ರೀಲಿನ ಕ್ಯಾಮೆರಾ. ರೀಲು ತೊಳೆಸದೆ ತೋರಿಸೋದು ಎಲ್ಲಿಂದ? ಆ ಸಿಟ್ಟಿಗೆ ಗಂಡ ಚೆಲುವಯ್ಯ ಅದನ್ನು ರೀಲಿನ ಸಮೇತ ಗುಜರಿಗೆ ಹಾಕಲು ತೆಗೆದಿಟ್ಟ. ಪಕ್ಕದಲ್ಲಿ ಅಳಿಯನ ಹೊಸ ಡಿಜಿಟಲ್ ಕ್ಯಾಮೆರಾ, ಹಳೇದರದೇ ವೇಷ ತೊಟ್ಟು ಕೂತಿತ್ತು.

“ನಾನಿದ್ದಿದ್ದರೆ ಆ ತಾಯಿಗೆ ಆಗಲೇ ತೋರಿಸುತ್ತಿದ್ದೆ, ಅಜ್ಜ” ಎಂದು ಹೊಸದು ಹಳೇ ಕ್ಯಾಮೆರಾವನ್ನು ಚುಚ್ಚಿತು.

“ಹೌದಪ್ಪ. ಮೊನ್ನೆ ಮದುಮಗಳಿಗೂ ತೋರಿಸಿದೆಯಲ್ಲ, ಏನಂದಳು?”

“ಹಲ್ಲು ಕಾಣುತ್ತೆ, ಅಳಿಸಿ ಅಂದಳು. ಅಳಿಸಿದರು.”

“ದೇವೀರಮ್ಮನೂ ತನ್ನ ಸೊರಗಿದ ಮುಖ ನೋಡಿ ಅದನ್ನೇ ಅನ್ನೋಳು. ಈ ಚೆಲುವಯ್ಯ ಅವಳ ಮಾತು ಯಾವತ್ತು ಮೀರಿದ್ದ?”

ಚೆಲುವಯ್ಯ ಎಲ್ಲ ಕೇಳಿಸಿಕೊಂಡು ಕೂತಿದ್ದ. ಮರುದಿನ ಬೆಳಿಗ್ಗೆ ರೀಲನ್ನು ಹಿಂದಕ್ಕೆ ಸುತ್ತಿ ತೆಗೆದು, ತೊಳೆಸಲು ಪೇಟೆಯ ಬಸ್ಸು ಹತ್ತಿದ.