ರಕ್ಕಸಿಯ ಆಡು ಎಣಿಸಿದ ಲಕ್ಕಿ

ಇತ್ಲಾಗೆ ತಿರುಗಿ ಮಲ್ಕೋ ಪುಟ್ಟಿ, ಕಾಲು ನನ್ನ ಮೇಲೆ ಹಾಕ್ಕೋ. ಹೂಂ ಅಂತಿರಬೇಕು, ನಿನ್ನ ಹೂಂ ನಿಂತ್ರೆ ನನ್ನ ಕತೆನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿನೂ ಹುಟ್ಟಿಲ್ಲದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಒಂದೂರಿತ್ತಂತೆ. ಆ ಊರಲ್ಲಿ ರಾಗಿ, ಅವರೆ, ಮೆಣಸಿನಕಾಯಿ ಎಲ್ಲ ಬೆಳೀತಿತ್ತಂತೆ, ಉಪ್ಪೊಂದು ಸಿಗ್ತಿರಲಿಲ್ಲವಂತೆ. ಉಪ್ಪು ತರಬೇಕು ಅಂದ್ರೆ ಕಣಿವೆ ದಾಟಿ ಸಮುದ್ರದ ಕಡೆ ಹೋಗಬೇಕು. ಹಿಂಗಿರುವಾಗ ಆ ಕಣಿವೇಲಿ ಒಬ್ಬಳು ರಕ್ಕಸಿ ಬಂದು ಕೂತ್ಲಂತೆ. ಅವಳಿಗೆ ಅವಳ ಆಡಿನ ಮಂದೆ ಅಂದ್ರೆ ಪ್ರಾಣ, ಆದ್ರೆ ಪಾಪ, ಎಣಿಸೋಕೆ ಬರಲ್ಲ. ದಿನಾ ಸಂಜೆ ಯಾವುದೋ ಒಂದು ಆಡು ಕಳೆದೇಹೋಯ್ತು ಅಂತ ಕಣ್ಣಿಗೆ ನಿದ್ದೆ ಇಲ್ಲ. ಅವಳ ಗುಹೆ ಬಾಗಿಲಲ್ಲಿ ಒಂದು ಮಾಯದ ಗಂಟೆ ಇತ್ತಂತೆ. ಸರಿ ಲೆಕ್ಕ ಹೇಳಿದ್ರೆ ತಾನೇ ಢಣ್ ಅನ್ನುತ್ತೆ, ತಪ್ಪು ಹೇಳಿದ್ರೆ ಸುಮ್ಮನಿರುತ್ತೆ. ಅದಕ್ಕೇ ಕಣಿವೆಗೆ ಬಂದವರನ್ನೆಲ್ಲ ಹಿಡಿದು, ಮೂರು ಸಲ ಆಡು ಎಣಿಸಿ ಕೊಡು, ಮೂರು ಸಲನೂ ಗಂಟೆ ಬಾರಿಸಿದ್ರೆ ಏನು ಕೇಳಿದ್ರೂ ಕೊಡ್ತೀನಿ, ಇಲ್ಲಾಂದ್ರೆ ಇಲ್ಲೇ ಆಡು ಮೇಯಿಸ್ಕೊಂಡು ಬಿದ್ದಿರು ಅಂತಿದ್ಲಂತೆ.

ಊರಲ್ಲಿ ಒಬ್ಬಳು ತಾಯಿಗೆ ಮೂರು ಮಕ್ಕಳು. ದೊಡ್ಡೋನು ಬೋರ, ನಡುವಿನವನು ನಂಜ, ಕೊನೇದು ಲಕ್ಕಿ. ಊರವರ ಬಾಯಿ ಸಪ್ಪೆಯಾಗಿ, ಮುದ್ದೆ ಸಾರು ಗಂಟಲಲ್ಲಿ ಇಳೀದೆ ಹೋದಾಗ, ಬೋರ ನಾನು ಹೋಗ್ತೀನಿ ಅಂತ ಎತ್ತು ಹೊಡ್ಕೊಂಡು ಹೊರಟ್ನಂತೆ. ಹೋದವನು ಬರಲಿಲ್ಲ. ಆಮೇಲೆ ನಂಜ ಹೋದ್ನಂತೆ, ಅವನೂ ಬರಲಿಲ್ಲ. ಆಡು ನಿಂತ ಕಡೆ ನಿಲ್ಲಲ್ವಲ್ಲ ಪುಟ್ಟಿ, ಆ ಕಡೆಯಿಂದ ಎಣಿಸ್ತಾ ಬಂದ್ರೆ ಈ ಕಡೆಯವು ಆ ಕಡೆ ಹೋಗಿರ್ತವೆ. ಇಬ್ಬರೂ ಮೊದಲನೇ ಸಲಾನೇ ತಪ್ಪಿದ್ರಂತೆ.

ಆವಾಗ ಲಕ್ಕಿ, ಅವ್ವಾ ನಾನು ಹೋಗ್ತೀನಿ, ಆದ್ರೆ ಇವತ್ತೇ ಅಲ್ಲ, ಎಣಿಸೋದು ಕಲ್ತು ಹೋಗ್ತೀನಿ ಅಂದ್ಲಂತೆ.

ಊರ ಕೊನೇಲಿ ಮಣಿ ಪೋಣಿಸಿ ಮಾರೋ ಹೊನ್ನಜ್ಜಿ ಅಂತ ಇದ್ಲಂತೆ. ಅವಳ ಹತ್ರ ಒಂದು ಮರದ ಚೌಕಟ್ಟು ಇತ್ತಂತೆ, ಅದರ ತುಂಬ ಕಡ್ಡಿ, ಕಡ್ಡಿಗೆಲ್ಲ ಮಣಿ. ಹೂಂ, ನಿನ್ನ ಅಬಾಕಸ್ ಇದ್ಯಲ್ಲ, ಹಂಗೇ. ಕೆಳಗಿನ ನಾಕು ಮಣಿ ಒಂದೊಂದಕ್ಕೆ, ಮೇಲಿನ ಒಂಟಿ ಮಣಿ ಐದಕ್ಕೆ. ಹತ್ತಾದ್ರೆ ಎಡಗಡೆ ಕಡ್ಡೀಲಿ ಒಂದು.

ಮೊದಮೊದಲು ಲಕ್ಕಿಗೆ ಏನೂ ಹತ್ತಲಿಲ್ಲವಂತೆ. ಮೂರು ಮಣಿ ಮೇಲೆ ತಳ್ಳಿದ್ಲು, ಇನ್ನು ನಾಕು ಕೂಡಿಸು ಅಂದ್ರೆ ಕೆಳಗೆ ಉಳಿದಿರೋದು ಒಂದೇ ಮಣಿ. ಮಣಿನೇ ಸಾಲದು ಅಜ್ಜಿ ಅಂತ ಅತ್ತೇಬಿಟ್ಲಂತೆ. ಹೊನ್ನಜ್ಜಿ ನಕ್ಕು, ಅಳೋದ್ಯಾಕೆ, ನಾಕು ಇಲ್ಲದಿದ್ರೆ ಐದು ಕೊಡು, ಒಂದು ವಾಪಸ್ ತಗೋ ಅಂದ್ಲಂತೆ. ಲಕ್ಕಿ ಮೇಲಿನ ಮಣಿ ಇಳಿಸಿದ್ಲು, ಕೆಳಗಿಂದು ಒಂದು ತೆಗೆದ್ಲು, ನೋಡಿದ್ರೆ ಏಳು! ಆಮೇಲೆ ಎಂಟಕ್ಕೆ ಏಳು ಕೂಡಿಸು ಅಂದ್ಲಂತೆ ಅಜ್ಜಿ. ಲಕ್ಕಿ ಸ್ವಲ್ಪ ಹೊತ್ತು ನೋಡಿ, ಹತ್ತು ಕೊಟ್ಟು ಮೂರು ವಾಪಸ್ ತಗೊಳ್ಳಲಾ ಅಂತ ಕೇಳಿದ್ಲಂತೆ. ತಗೋ ಮಗಳೇ, ನನ್ನನ್ನೇನು ಕೇಳ್ತೀಯ, ಮಣಿ ಹೇಳುತ್ತೆ ನೋಡು ಅಂದ್ಲಂತೆ. ಹದಿನೈದು ಬಂತು.

ಆದ್ರೂ ಒಂದು ಕೆಟ್ಟ ಅಭ್ಯಾಸ. ಬೆರಳು ಮಣಿ ತಳ್ತಾ ಇದ್ರೆ ಬಾಯಿ ಇನ್ನೊಂದು ಕಡೆ ಎಣಿಸ್ತಿರೋದು, ಎರಡೂ ಕಲಸಿ ಹೋಗೋದು. ಹೊನ್ನಜ್ಜಿ ಅವಳ ತಲೆ ಮೇಲೆ ಮೆಲ್ಲಗೆ ಒಂದು ಮೊಟಕಿ, ತಲೇಲಿ ಹೊತ್ಕೋಬೇಡ ಕಣೇ, ಮಣಿ ಹೊತ್ಕೊಂಡಿದೆ, ನೀನು ಹಗುರವಾಗಿರು ಅಂದ್ಲಂತೆ. ಅವತ್ತಿಂದ ಲಕ್ಕಿ ಬೆರಳು ನೀರಲ್ಲಿ ಮೀನು ಓಡಾಡಿದ ಹಾಗೆ ಓಡಾಡ್ತಂತೆ. ಚೌಕಟ್ಟು ಮುಂದೆ ಇಲ್ಲದಿದ್ರೂ ಊಟ ಮಾಡ್ತಾ, ನೀರು ಸೇದ್ತಾ ಗಾಳೀಲೇ ಮಣಿ ತಳ್ಳೋಳಂತೆ.

ಆಮೇಲೆ ಒಂದು ದಿನ ಚೌಕಟ್ಟು ಕಂಕುಳಲ್ಲಿ ಇಟ್ಕೊಂಡು ಕಣಿವೆಗೆ ಹೋದ್ಲಂತೆ. ಹೋದ್ರೆ ಅಣ್ಣಂದಿರು ಗಡ್ಡ ಬಿಟ್ಕೊಂಡು ಆಡಿಗೆ ಸೊಪ್ಪು ಹಾಕ್ತಾ ಕೂತಿದ್ದಾರೆ. ಯಾಕೆ ಬಂದ್ಯೇ ಲಕ್ಕಿ ಅಂತ ಅತ್ರಂತೆ. ಕರ್ಕೊಂಡು ಹೋಗೋಕೆ ಬಂದೆ, ಎದ್ದು ಮುಖ ತೊಳ್ಕೊಳಿ ಅಂದ್ಲಂತೆ.

ರಕ್ಕಸಿ ಮೊದಲನೇ ಸಲ ಗುಹೆಯಿಂದ ಆಡು ಬಿಟ್ಲು, ಏಳು, ಒಂಬತ್ತು, ಆರು ಅಂತ ಗುಂಪುಗುಂಪಾಗಿ ಬಂದ್ವು. ಇವಳ ಲೆಕ್ಕ ಕೆಡಿಸೋಕೆ ನಿಮ್ಮವ್ವನ ಹೆಸರೇನು, ಬೆಳಗ್ಗೆ ಏನು ತಿಂದೆ ಅಂತ ಬಿಡದೆ ಮಾತಾಡಿಸಿದ್ಲಂತೆ. ಲಕ್ಕಿ ಎಲ್ಲಕ್ಕೂ ನಗ್ತಾ ಜವಾಬು ಕೊಟ್ಟಳು, ಬೆರಳು ಮಾತ್ರ ನಿಲ್ಲಲಿಲ್ಲ. ಇನ್ನೂರ ತೊಂಬತ್ಮೂರು ಅಂದ್ಲು. ಗಂಟೆ ಢಣ್!

ಎರಡನೇ ಸಲ, ಗುಹೆಗೆ ಮರಳಿದ ಆಡುಗಳಲ್ಲಿ ಕೆಲವು ನೀರಿಗೆ ಹೋದ್ವು, ಕೆಲವು ವಾಪಸ್ ಬಂದ್ವು, ಮತ್ತೆ ಹೋದ್ವು. ಒಳಗೆಷ್ಟಿವೆ ಹೇಳು ಅಂದ್ಲಂತೆ ರಕ್ಕಸಿ. ಹೋದದ್ದಕ್ಕೆ ಕಳೀತಾ, ಬಂದದ್ದಕ್ಕೆ ಕೂಡಿಸ್ತಾ ಹೋದ ಲಕ್ಕಿ ಒಂದು ಕಡೆ ತಡೆದ್ಲಂತೆ. ಏಳಿರೋ ಕಡ್ಡಿಗೆ ಎಂಟು ಕೂಡಿಸುವಾಗ ಹತ್ತು ಕೊಟ್ಟಳು, ಎರಡು ವಾಪಸ್ ತಗೊಳ್ಳೋದು ಮರೆತಿದ್ಲು. ಲಕ್ಕಿ ಗಾಬರಿಯಾಗಲಿಲ್ಲವಂತೆ. ಆ ಎರಡು ಮಣಿ ಇಳಿಸಿ ಮುಂದಕ್ಕೆ ಹೋದ್ಲು. ನೂರ ಐವತ್ತೇಳು ಅಂದ್ಲು. ಮತ್ತೆ ಢಣ್!

ರಕ್ಕಸಿಗೆ ಹೆದರಿಕೆ ಆಯ್ತಂತೆ, ಇವಳು ಗೆದ್ರೆ ಆಡು ಮೇಯಿಸೋರು ಯಾರು ಅಂತ. ಸರಕ್ಕನೆ ಚೌಕಟ್ಟು ಕಿತ್ಕೊಂಡು ಒಲೆಗೆ ಹಾಕಿಬಿಟ್ಲು! ಈಗ ಮರಿ ಸಮೇತ ಎಣಿಸು ಅಂದ್ಲಂತೆ. ಅಷ್ಟೊತ್ತಿಗೆ ಸಂಜೆ, ಮೇಯೋಕೆ ಹೋಗಿದ್ದ ಇಡೀ ಮಂದೆ ಧೂಳೆಬ್ಬಿಸ್ಕೊಂಡು ಬರ್ತಿದೆ, ಮರಿಗಳು ಕಾಲ ಸಂದಿಯಲ್ಲೆಲ್ಲ ನುಸುಳ್ತಿವೆ. ಲಕ್ಕಿ ಮಂದೆ ಕಡೆ ನೋಡ್ತಾ ಎರಡು ಬೆರಳು ಗಾಳಿಗೆ ಎತ್ತಿದ್ಲಂತೆ. ಒಲೇಲಿ ಉರೀತಿದ್ದ ಚೌಕಟ್ಟು ಅವಳ ಕಣ್ಣೊಳಗೆ ನೆಟ್ಟಗೆ ನಿಂತಿತ್ತು. ಐದು ಕೊಟ್ಟಳು, ಒಂದು ತಗೊಂಡ್ಲು, ಹತ್ತು ಕೊಟ್ಟಳು, ಮೂರು ತಗೊಂಡ್ಲು. ಕೊನೇ ಮರಿ ಒಳಗೆ ಹೋದ ಮೇಲೆ ಮುನ್ನೂರ ಎಂಬತ್ತೈದು ಅಂದ್ಲಂತೆ.

ಗಂಟೆ ಸುಮ್ಮನಿತ್ತು.

ರಕ್ಕಸಿ ಕೈ ತಟ್ಟಿ ನಕ್ಕಳು. ಅಣ್ಣಂದಿರು ತಲೆ ಮೇಲೆ ಕೈ ಹೊತ್ಕೊಂಡ್ರು. ಹೊಸದಾಗಿ ಕಲಿಯುವಾಗಿನ ಲಕ್ಕಿ ಆಗಿದ್ರೆ ಅಲ್ಲೇ ಅತ್ತಿರೋಳು. ಇವಳು ಕಣ್ಣು ಮುಚ್ಚಿ ಇನ್ನೊಂದು ಸಲ ಮಣಿ ಓದಿ ನೋಡಿದ್ಲಂತೆ. ಮಣಿ ಇದ್ದ ಕಡೆನೇ ಇದ್ವು. ನನ್ನ ಲೆಕ್ಕ ಸರಿ ಇದೆ ರಕ್ಕಸವ್ವ, ನಿನ್ನ ಮಂದೇಲೇ ಏನೋ ಕಮ್ಮಿ ಇದೆ ಅಂದ್ಲಂತೆ. ಅಷ್ಟು ಹೇಳೋದೇ ತಡ, ರಕ್ಕಸಿ ಸೆರಗು ಅಲ್ಲಾಡ್ತು, ಒಳಗಿಂದ ಮ್ಯಾ ಅಂತು! ಧೂಳೆದ್ದಾಗ ಒಂದು ಮರೀನ ಬಚ್ಚಿಟ್ಕೊಂಡಿದ್ಲು ಕಳ್ಳಿ.

ಅದೂ ಸೇರಿ ಮುನ್ನೂರ ಎಂಬತ್ತಾರು ಅಂದ್ಲು ಲಕ್ಕಿ. ಢಣ್ ಢಣ್ ಢಣ್ ಅಂತ ಗುಡ್ಡಕ್ಕೆಲ್ಲ ಕೇಳೋ ಹಾಗೆ ಗಂಟೆ ಬಾರಿಸ್ತಂತೆ.

ಏನು ಬೇಕು ಕೇಳು ಅಂತ ತಲೆ ತಗ್ಗಿಸಿದ್ಲಂತೆ ರಕ್ಕಸಿ. ನಮ್ಮಣ್ಣಂದಿರು ಬೇಕು, ಹಿಡಿದಿಟ್ಕೊಂಡಿರೋ ಎಲ್ಲರನ್ನೂ ಬಿಡು, ಉಪ್ಪಿನ ದಾರಿ ಬಿಡು ಅಂದ್ಲು ಲಕ್ಕಿ. ರಕ್ಕಸಿ ಹೂಂ ಅಂದ್ಲು. ಆಮೇಲೆ ಮರೀನ ಎದೆಗೆ ಒತ್ಕೊಂಡು, ಹಂಗಾದ್ರೆ ನನ್ನವು ಒಂದೂ ಕಳೆದಿಲ್ಲವಾ ಅಂತ ಸಣ್ಣ ದನೀಲಿ ಕೇಳಿದ್ಲಂತೆ. ಒಂದೂ ಕಳೆದಿಲ್ಲ, ಬಾ, ನೀನೇ ಎಣಿಸೋ ಹಾಗೆ ಮಾಡ್ತೀನಿ ಅಂದ್ಲಂತೆ ಲಕ್ಕಿ.

ರಕ್ಕಸಿ ಬೆರಳು ಒನಕೆ ಗಾತ್ರ, ಸಣ್ಣ ಮಣಿ ಸಾಲುತ್ತಾ? ಅಣ್ಣಂದಿರು ಬಿದಿರು ಕಡಿದು ತಂದ್ರು, ಬೇಲದ ಕಾಯಿಗೆ ತೂತು ಕೊರೆದು ಪೋಣಿಸಿದ್ರು. ರಕ್ಕಸಿ ಕಾಲು ನೀಡ್ಕೊಂಡು ಕೂತು, ಐದು ಕೊಡು ಒಂದು ತಗೋ ಅಂತ ಬೇಲದ ಕಾಯಿ ತಳ್ತಾ ತಳ್ತಾ, ಒಂದು ಸಂಜೆ ತಾನೇ ಲೆಕ್ಕ ಹೇಳಿದ್ಲಂತೆ. ಗಂಟೆ ಬಾರಿಸಿತು. ಅವತ್ತು ಮಲಗಿದವಳ ಗೊರಕೆ ಊರವರೆಗೂ ಕೇಳಿಸ್ತಂತೆ. ಲಕ್ಕಿ ಜೊತೆ ಬೋರ ನಂಜ ಎತ್ತಿನ ಮೇಲೆ ಉಪ್ಪು ಹೇರ್ಕೊಂಡು ಮನೆಗೆ ಬಂದ್ರು, ಅವ್ವ ಕೈತುಂಬ ಉಪ್ಪು ಹಾಕಿ ಅವರೆಕಾಳು ಸಾರು ಮಾಡಿದ್ಲು, ನಾಕೂ ಜನ ಬಟ್ಟಲು ನೆಕ್ಕೋ ಹಾಗೆ ಉಂಡ್ರು. ಅವರು ಅಲ್ಲಿ ಚೆನ್ನಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ. ಕತೆ ಮುಗೀತು, ಪುಟ್ಟಿಯ ಹೂಂನೂ ನಿಂತಿತು.