ಯಾರದೋ ತಾತನ ಹಂಡೆ

ಬಂಗಲೆಗೆ ಹೊಸದಾಗಿ ಬಂದ ಸಾಹೇಬರು ತೋಟ ನೋಡಿ ಸಿಡಿಮಿಡಿಗೊಂಡರು. ತೋಟದ ಕೆಲಸದ ದ್ಯಾವಮ್ಮ, ಗುಜರಿಯಿಂದ ತಂದ ತಾಮ್ರದ ಹಂಡೆಯಲ್ಲಿ ದಾಸವಾಳ ಬೆಳೆಸಿದ್ದಳು.

"ಸಂಜೆಯೊಳಗೆ ಇಲ್ಲಿ ಹಳೆಯದು ಒಂದೂ ಇರಕೂಡದು!"

ದ್ಯಾವಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಲ್ಕು ಸಲ ತೋಟ ಸುತ್ತಿದಳು, ಹಂಡೆ ಮುಟ್ಟಿ ಮುಟ್ಟಿ ನೋಡಿದಳು. ಕೊನೆಗೆ ಗುಜರಿ ಗಾಡಿಯವನನ್ನು ಕರೆದು, ಹಂಡೆಯ ಜೊತೆಗೆ ಸಾಹೇಬರು ಮರದಡಿ ಹಾಕಿಸಿಕೊಂಡಿದ್ದ ಆರಾಮಕುರ್ಚಿಯನ್ನೂ ಏರಿಸಿದಳು.

ಸಾಹೇಬರು ಓಡಿ ಬಂದರು. "ಏಯ್, ಅದು ನಮ್ಮ ತಾತ ಕೂತ ಕುರ್ಚಿ!"

"ಹಳೆಯದಲ್ವಾ ಬುದ್ಧಿ?"

"ಹಳೆಯದಾದರೇನು, ಮನೆತನದ ವಸ್ತು!"

"ಹಂಡೆಯೂ ಹಾಗೇ ಬುದ್ಧಿ. ಅದರ ನೀರು ಮಿಂದ ತಾತ ನಿಮ್ಮವರಲ್ಲ, ಅಷ್ಟೇ."

ಸಾಹೇಬರು ಕುರ್ಚಿಯ ಕೈ ಸವರಿದರು. ಆಮೇಲೆ ಗಾಡಿಯವನತ್ತ ತಿರುಗಿದರು.

"ಮೊದಲು ಹಂಡೆ ಇಳಿಸು. ಗಿಡ ಜೋಪಾನ."